ಎಲ್ಡರ್‌ಬೆರಿ ಸಿರಪ್: ಕುಡಿಯಲು ಅಡ್ಡಿಯಿಲ್ಲ, ಔಷಧವೆಂದು ನಂಬಲಾಗದು

ಯುರೋಪಿನ ಬೇಲಿಸಾಲುಗಳಲ್ಲಿ, ಅಮೆರಿಕದ ತೊರೆಗಳಂಚಿನಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಕಡುನೇರಳೆ ಬಣ್ಣದ ಪುಟ್ಟ ಹಣ್ಣುಗಳು ಗೊಂಚಲುಗೊಂಚಲಾಗಿ ತೂಗುತ್ತವೆ. ಇದೇ ಎಲ್ಡರ್‌ಬೆರಿ. ಒಣಗಿಸಿದ ಹಣ್ಣನ್ನು ಶುಂಠಿ, ಚಕ್ಕೆ, ಲವಂಗದೊಡನೆ ನೀರಿಗೆ ಹಾಕಿ, ನೀರು ಅರ್ಧಕ್ಕಿಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ, ಹಿಂಡಿ ಸೋಸಿ, ಬಿಸಿ ಆರಿದ ಮೇಲೆ ಜೇನು ಬೆರೆಸಿದರೆ ಸಿರಪ್ ಸಿದ್ಧ. ನಮ್ಮ ಕಷಾಯದ ಹತ್ತಿರದ ನೆಂಟ ಎನ್ನಬಹುದಾದ ಈ ಪಾನೀಯ, ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೂ ಬೇಗ ಹಿಡಿಸಿದರೆ ಆಶ್ಚರ್ಯವಿಲ್ಲ. ಗಂಟಲು ಕೆರೆಯುವಾಗ ಬಿಸಿಯಾಗಿ, ಸಿಹಿಯಾಗಿ ಏನನ್ನಾದರೂ ಕುಡಿದರೆ ಹಿತವೆನಿಸುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಈ ಸಿರಪ್ಪಿನ ಪರವಾಗಿ ಹೇಳುವ ಮಾತು ಅಷ್ಟಕ್ಕೇ ನಿಲ್ಲುವುದಿಲ್ಲ. ಇದು ಫ್ಲೂ ಜ್ವರವನ್ನು ತಡೆಯುತ್ತದೆ, ಬಂದದ್ದನ್ನು ದಿನಗಟ್ಟಲೆ ಮೊದಲೇ ಓಡಿಸುತ್ತದೆ, ಇದಕ್ಕೆ ವಿಜ್ಞಾನದ ಪುರಾವೆಯಿದೆ ಎನ್ನುತ್ತಾರೆ. ಆ ಪುರಾವೆ ಎಷ್ಟು ಗಟ್ಟಿ, ಮತ್ತು ಅದು ನಿಜಕ್ಕೂ ಅಡುಗೆಮನೆಯ ಸಿರಪ್ಪಿಗೆ ಸೇರಿದ್ದೇ ಎಂಬುದನ್ನು ನೋಡಬೇಕು.

ಎಲ್ಲರೂ ಮೊದಲು ಎತ್ತಿ ತೋರಿಸುವುದು 1995ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನವನ್ನು. ಅಲ್ಲಿನ ಒಂದು ಸಾಮುದಾಯಿಕ ಹಳ್ಳಿಯಲ್ಲಿ, ಅಂದರೆ ಕಿಬುಟ್ಜ್‌ನಲ್ಲಿ ಇನ್‌ಫ್ಲುಯೆಂಜಾ ಬಿ ಹರಡಿದಾಗ ಎಲ್ಡರ್‌ಬೆರಿ ಸಾರ ಕುಡಿದವರಲ್ಲಿ ಹೆಚ್ಚಿನವರು ಎರಡೇ ದಿನದಲ್ಲಿ ಚೇತರಿಸಿಕೊಂಡರು, ಅದನ್ನು ಕುಡಿಯದವರಿಗೆ ಆರು ದಿನದವರೆಗೆ ಬೇಕಾಯಿತು. ಕೇಳಲು ದೊಡ್ಡ ಫಲಿತಾಂಶ. ಆದರೆ ಲೆಕ್ಕಕ್ಕೆ ಸಿಕ್ಕಿದ್ದು ಮೂವತ್ತಕ್ಕಿಂತ ಕಡಿಮೆ ಜನ. ಅಧ್ಯಯನದ ಲೇಖಕರಲ್ಲಿ ಒಬ್ಬರಾದ ಮ್ಯಾಡೆಲೀನ್ ಮುಮ್ಕುವೊಗ್ಲು ಅವರೇ ಆ ಸಾರವನ್ನು ರೂಪಿಸಿದವರು. ಅದೇ ಗುಂಪಿನ ಒಬ್ಬರು ಇತರರೊಡನೆ 2004ರಲ್ಲಿ ಪ್ರಕಟಿಸಿದ ನಾರ್ವೆಯ ಅಧ್ಯಯನದಲ್ಲಿ 60 ರೋಗಿಗಳಿದ್ದರು. ದಿನಕ್ಕೆ ನಾಲ್ಕು ಸಲ 15 ಮಿಲಿಲೀಟರ್‌ನಂತೆ ಐದು ದಿನ ಕುಡಿದವರು ಸರಾಸರಿ ನಾಲ್ಕು ದಿನ ಮೊದಲೇ ಗುಣವಾದರು. 2016ರಲ್ಲಿ ಆಸ್ಟ್ರೇಲಿಯದ ಸಂಶೋಧಕರು 312 ವಿಮಾನ ಪ್ರಯಾಣಿಕರ ಮೇಲೆ ಪರೀಕ್ಷೆ ಮಾಡಿದಾಗ ನೆಗಡಿ ತಗಲುವುದು ಗಣನೀಯವಾಗಿ ತಗ್ಗಲಿಲ್ಲ. ನೆಗಡಿಯಾದವರು ಮಾತ್ರ ಕಡಿಮೆ ದಿನ ನರಳಿದರು. ಇಷ್ಟರಲ್ಲೇ ನಿಂತಿದ್ದರೆ ಎಲ್ಡರ್‌ಬೆರಿಯ ಬಗ್ಗೆ ಆಸೆ ಇಟ್ಟುಕೊಳ್ಳಬಹುದಿತ್ತು. ಆದರೆ 2020ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು, ಫ್ಲೂ ಇರುವುದು ಪರೀಕ್ಷೆಯಿಂದ ಖಚಿತವಾದ 87 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಯಾರಿಗೆ ನಿಜವಾದ ಸಾರ, ಯಾರಿಗೆ ಹುಸಿಮದ್ದು ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ನಡೆದ ಆ ಪರೀಕ್ಷೆಯಲ್ಲಿ ಎಲ್ಡರ್‌ಬೆರಿಯಿಂದ ಏನೂ ಪ್ರಯೋಜನ ಕಾಣಲಿಲ್ಲ. ಹಿಂದಿನ ಅಧ್ಯಯನಗಳು ಹೇಳಿದಂತೆ ಜ್ವರ ನಾಲ್ಕು ದಿನ ಮೊದಲೇ ಇಳಿಯುವುದು ನಿಜವಾಗಿದ್ದರೆ, ಅಷ್ಟು ದೊಡ್ಡ ವ್ಯತ್ಯಾಸ ಈ ಪರೀಕ್ಷೆಯ ಕಣ್ಣಿಗೆ ಬೀಳಲೇಬೇಕಿತ್ತು.

ಇನ್ನೊಂದು ತೊಡಕು ಇದಕ್ಕಿಂತ ಮೂಲಭೂತವಾದದ್ದು. ಈ ಪರೀಕ್ಷೆಗಳೆಲ್ಲ ಕಾರ್ಖಾನೆಯಲ್ಲಿ ಒಂದೇ ಹದಕ್ಕೆ ತಯಾರಾದ ಸಾರದ ಮೇಲೆ ನಡೆದವು. ಮನೆಯ ಸಿರಪ್ಪಿಗೆ ಅಂಥ ಹದವಿಲ್ಲ. ಹಣ್ಣು ಎಷ್ಟು ಮಾಗಿತ್ತು, ಎಷ್ಟು ಹೊತ್ತು ಕುದಿಯಿತು, ಎಷ್ಟು ನೀರು ಉಳಿಯಿತು ಎಂಬುದರ ಮೇಲೆ ಪ್ರತಿ ಸೀಸೆಯೂ ಬೇರೆಯಾಗುತ್ತದೆ. ಹಾಗಾಗಿ ಕಾರ್ಖಾನೆಯ ಸಾರಕ್ಕೆ ಸಿಕ್ಕ ಅರೆಬರೆ ಪುರಾವೆಯನ್ನೂ ಅಡುಗೆಮನೆಯ ಸೀಸೆಗೆ ಅಂಟಿಸುವಂತಿಲ್ಲ.

ಶತಮಾನಗಳಿಂದ ಬಳಸಿದ್ದು ಸುಳ್ಳಾದೀತೇ ಎಂದು ಕೇಳುವವರಿದ್ದಾರೆ. ಈ ಗಿಡಕ್ಕೆ ದೀರ್ಘ ಪರಂಪರೆಯಿರುವುದು ನಿಜ. 17ನೇ ಶತಮಾನದ ಯುರೋಪಿನಲ್ಲಿ ಮಾರ್ಟಿನ್ ಬ್ಲಾಕ್ವಿಚ್ ಇದೊಂದೇ ಗಿಡದ ಔಷಧಗುಣಗಳ ಮೇಲೆ ಇಡೀ ಪುಸ್ತಕ ಬರೆದ. ಆದರೆ ಸಾಮಾನ್ಯ ಫ್ಲೂ ಒಂದು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ, ಆಗ ಕೈಯಲ್ಲಿದ್ದ ಮದ್ದಿಗೆ ಹೆಸರು ಬರುತ್ತದೆ. ನೂರು ವರ್ಷ ಬಳಸಿದರೂ ಈ ಗೊಂದಲ ತಾನಾಗಿ ಬಗೆಹರಿಯುವುದಿಲ್ಲ. ಹೋಲಿಸಲು ಮದ್ದು ಕುಡಿಯದವರ ಗುಂಪೂ ಬೇಕು. ಪ್ರಯೋಗಶಾಲೆಯಲ್ಲಿ ಇದರ ಸಾರ ವೈರಸ್ಸನ್ನು ತಡೆದಿದೆಯಲ್ಲ ಎಂಬ ವಾದವೂ ಉಂಟು. ಗಾಜಿನ ತಟ್ಟೆಯಲ್ಲಿ ಜೀವಕೋಶಗಳ ಮೇಲೆ ನೇರವಾಗಿ ಸುರಿದ ಸಾರಕ್ಕೂ, ಹೊಟ್ಟೆಗೆ ಹೋಗಿ ಜೀರ್ಣವಾಗಿ ರಕ್ತಕ್ಕೆ ಸೇರುವ ಅಲ್ಪ ಅಂಶಕ್ಕೂ ಬಹಳ ಅಂತರವಿದೆ. ತಟ್ಟೆಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ವಸ್ತುಗಳಿಗೆ ವೈದ್ಯವಿಜ್ಞಾನದಲ್ಲಿ ಲೆಕ್ಕವಿಲ್ಲ.

ಉಪಯೋಗವಿಲ್ಲದಿದ್ದರೆ ಬೇಡ, ಅಪಾಯವಂತೂ ಇಲ್ಲವಲ್ಲ ಎಂಬುದು ಕೊನೆಯ ಸಮರ್ಥನೆ. ಅಪಾಯವಿದೆ. 1983ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯದಲ್ಲಿ 25 ಜನ ಒಂದೆಡೆ ಸೇರಿದ್ದರು. ಅಲ್ಲೇ ಕಾಡಿನಲ್ಲಿ ಬೆಳೆದ ಎಲ್ಡರ್‌ಬೆರಿಗಳನ್ನು ಎಲೆ, ರೆಂಬೆಗಳ ಸಮೇತ ಹಿಂಡಿ, ಸೇಬಿನ ರಸ, ನೀರು, ಸಕ್ಕರೆ ಸೇರಿಸಿ, ಎರಡು ದಿನ ಇಟ್ಟು ಕುಡಿಯಲು ಕೊಟ್ಟರು. ಕಾಲು ಗಂಟೆಯೊಳಗೆ ಹನ್ನೊಂದು ಜನರಿಗೆ ಹೊಟ್ಟೆ ತೊಳಸಿ ವಾಂತಿ ಶುರುವಾಯಿತು. ಕೆಲವರಿಗೆ ತಲೆಸುತ್ತು, ಮೈ ಜೋಮು. ಎಂಟು ಜನರನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಐದು ಲೋಟ ಕುಡಿದಿದ್ದ ಒಬ್ಬರು ಮಂಪರಿನಲ್ಲಿದ್ದರು. ಅದೃಷ್ಟಕ್ಕೆ ಎಲ್ಲರೂ ಚೇತರಿಸಿಕೊಂಡರು. ಎಲ್ಡರ್ ಗಿಡದ ಎಲೆ, ತೊಟ್ಟು, ಕಾಯಿಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತಗಳಿರುತ್ತವೆ. ಚೆನ್ನಾಗಿ ಕುದಿಸಿದರೆ ಆ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಅಂದರೆ ಕುದಿಸಿದ ಸಿರಪ್ಪನ್ನು ವಿಷವೆಂದು ಹೆದರಬೇಕಿಲ್ಲ. ಹಸಿಯಾಗಿದ್ದರೆ ಹೆಚ್ಚು ಗುಣ ಎಂಬ ನಂಬಿಕೆ ಮಾತ್ರ ಇಲ್ಲಿ ನಿಜಕ್ಕೂ ಅಪಾಯಕಾರಿ.

ಕಣ್ಣಿಗೆ ಬೀಳದ ಇನ್ನೊಂದು ಹಾನಿಯೂ ಇದೆ, ಅದು ಕೈತಪ್ಪುವ ಸಮಯದ್ದು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ರೋಗಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಫಲಕಾರಿ. ವಯಸ್ಸಾದವರು, ಗರ್ಭಿಣಿಯರು, ಆಸ್ತಮಾ ಇರುವವರ ಮಟ್ಟಿಗೆ ಆ ಎರಡು ದಿನಗಳಿಗೆ ಬಹಳ ಬೆಲೆಯಿದೆ. ಅವನ್ನು ಸಿರಪ್ಪಿನ ಚಮಚ ಎಣಿಸುತ್ತ ಕಳೆಯಬಾರದು. ಅಂದಹಾಗೆ, ಮಕ್ಕಳ ಕೆಮ್ಮಿಗೆ ಜೇನಿನಿಂದ ಒಂದಿಷ್ಟು ಆರಾಮ ಸಿಗುತ್ತದೆ ಎಂಬುದಕ್ಕೆ ಪುರಾವೆಯಿದೆ. ಹಾಗಾಗಿ ಈ ಸಿರಪ್ಪಿನಿಂದ ಕೆಮ್ಮು ತಗ್ಗಿದರೆ ಅದರ ಶ್ರೇಯ ಹಣ್ಣಿಗಿಂತ ಜೇನಿಗೇ ಸಲ್ಲಬಹುದು. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೂಡದು, ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆಯ ಭಯವಿದೆ.

ರುಚಿಗಾಗಿ ಮಾಡುವವರು ತೊಟ್ಟು, ಎಲೆ, ಕಾಯಿಗಳನ್ನೆಲ್ಲ ತೆಗೆದು, ಮಾಗಿದ ಹಣ್ಣನ್ನಷ್ಟೇ ಚೆನ್ನಾಗಿ ಕುದಿಸಿ ಧಾರಾಳವಾಗಿ ಕುಡಿಯಲಿ. ಫ್ಲೂ ತಡೆಯಲು ಪ್ರತಿ ವರ್ಷ ಲಸಿಕೆ ಹಾಕಿಸಿಕೊಳ್ಳಿ. ಜ್ವರ ಏರಿ ಉಸಿರಾಟ ಕಷ್ಟವಾದರೆ ಸಿರಪ್ಪಿನ ಸೀಸೆಯನ್ನು ಬದಿಗಿಟ್ಟು ಅವತ್ತೇ ವೈದ್ಯರ ಬಳಿ ಹೋಗಿ.