ಅಳತೆ ಹೇಳುವ ಸೌಜನ್ಯ

1992ರಲ್ಲಿ ಲೋಕಕ್ಕೆ ಬಂದ ಲ್ಯಾಪ್ಯಾಕ್ ಎಂಬ ಗಣಿತಭಂಡಾರವು, ಫೋರ್ಟ್ರಾನ್ 77ರ ಭಾಷಾನಿಯಮದಲ್ಲಿ ಚಾಲನಾಕಾಲದಲ್ಲಿ ಸ್ಮೃತಿಯನ್ನು ಪಡೆಯುವ ಉಪಾಯವೇ ಇಲ್ಲದಿದ್ದುದರಿಂದ, ತನಗೆ ಬೇಕಾದ ಕಾರ್ಯಸ್ಥಳವನ್ನು ಕರೆದವನಿಂದಲೇ ಬೇಡುವ ಪದ್ಧತಿಯನ್ನು ಹಿಡಿಯಿತು. ಕೊರತೆಯಿಂದ ಹುಟ್ಟಿದ ಈ ವಿನಯವು ನನಗೆ ಅನೇಕ ಆಧುನಿಕ ಔದಾರ್ಯಗಳಿಗಿಂತ ಪ್ರಿಯವಾದುದು. ಸಮಮಿತ ಮಾತೃಕೆಯ ಐಗನ್ ಮೌಲ್ಯಗಳನ್ನು ಅರಸುವ ಡಿಎಸ್‌ವೈಇವಿ ಎಂಬ ಲ್ಯಾಪ್ಯಾಕಿನ ಉಪವಿಧಿಗೆ ಸ್ಥಳದ ಅಳತೆ -1 ಎಂದು ಕೊಟ್ಟೊಡನೆ, ಅದು ಲೆಕ್ಕಕ್ಕೆ ಕೈಹಚ್ಚದೆ, ಹಾಸು ಹೂಡುವ ಮುನ್ನವೇ ನೂಲೆಷ್ಟು ಬೇಕೆಂದು ಹೇಳಿಬಿಡುವ ತೇರದಾಳ, ಬನಹಟ್ಟಿಗಳ ನೇಕಾರನಂತೆ, ಉಚಿತವಾದ ಅಳತೆಯನ್ನು ‘ವರ್ಕ್’ ಸರಣಿಯ ಮೊದಲ ಮನೆಯಲ್ಲಿ ಬರೆದಿಟ್ಟು ಹಿಂದಿರುಗುತ್ತದೆ (ಪೂರ್ಣಾಂಕವನ್ನು ದಶಾಂಶರೂಪದಲ್ಲಿ ಹೇಳುವುದೊಂದು ವಿನೋದ!). ಅಷ್ಟನ್ನು ಒಮ್ಮೆ ಕಾದಿರಿಸಿದರೆ ಅದೇ ಗಾತ್ರದ ಸಾವಿರ ಮಾತೃಕೆಗಳಿಗೂ ಸಾಕು. ಲೂಪಿನೊಳಗೆ ಪುನಃಪುನಃ ಪಡೆದು ಬಿಡುವ ಗೊಡವೆಯಿಲ್ಲ. ಪಡೆದವನೇ ಕಡೆಗೊಮ್ಮೆ ಅದನ್ನು ಬಿಡುಗಡೆ ಮಾಡತಕ್ಕದ್ದು.