ಆದಿಪುರಾಣದಲ್ಲಿ ದೇವ–ಮಾನವ ಸಹವಾಸ

ಹೈದರಾಬಾದಿನಿಂದ ಉತ್ತರಕ್ಕೆ ಸುಮಾರು ೧೫೦ ಕಿಲೋಮೀಟರು ಹೋದರೆ ವೇಮುಲವಾಡ ಸಿಗುತ್ತದೆ. ಇಂದು ಅದು ರಾಜರಾಜೇಶ್ವರನ ಯಾತ್ರಾಸ್ಥಳವೆಂದು ಪ್ರಸಿದ್ಧ. ಹತ್ತನೆಯ ಶತಮಾನದಲ್ಲಿ ಚಾಲುಕ್ಯ ಅರಿಕೇಸರಿಯ ರಾಜಧಾನಿ, ಪಂಪನಿಗೆ ಆಶ್ರಯವಿತ್ತ ಊರು. ಅಲ್ಲಿಗೆ ಬಹುದೂರವಲ್ಲದ ಕುರ್ಕ್ಯಾಲದ ಬೊಮ್ಮಲಗುಟ್ಟದ ಬಂಡೆಯಲ್ಲಿ ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿ ಕೆತ್ತಿಸಿದ ಶಾಸನವಿದೆ. ಕನ್ನಡದ ಆದಿಕವಿ ನಮ್ಮ ನೆರೆಯವನೆಂಬ ಹೆಮ್ಮೆಯ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುವುದುಂಟು. ಆದರೆ ಹೆಮ್ಮೆಯಷ್ಟು ಓದು ಸಾಗಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ವಿಶೇಷತಃ ಕ್ರಿ.ಶ. ೯೪೧ರ ಆದಿಪುರಾಣವನ್ನು ನಾವು ನೀಲಾಂಜನೆಯ ನೃತ್ಯ, ಭರತ–ಬಾಹುಬಲಿಗಳ ಪ್ರಸಂಗ ಎಂಬ ಎರಡು ತುಣುಕುಗಳಾಗಿ ಮಾತ್ರ ಉಳಿಸಿಕೊಂಡಿದ್ದೇವೆ. ಉಳಿದ ದೇವಲೋಕದ ಸಂಗತಿಗಳೆಲ್ಲ ಪುರಾಣದ ಕಟ್ಟುಪಾಡಿಗಾಗಿ ಬಂದವೆಂದು ಹಾಳೆ ಮಗುಚುವುದು ರೂಢಿಯಾಗಿದೆ.

ಈ ರೂಢಿ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ದೇವತೆಗಳೂ ಮನುಷ್ಯರೂ ಕೂಡಿ ಬಾಳುವ ಕಲ್ಪಿತ ಸಮಾಜಗಳನ್ನು ಕಟ್ಟುವ ಕಥಾಪ್ರಕಾರವೊಂದು ಈಗ ಲೋಕದಲ್ಲೆಲ್ಲ ಬೆಳೆದಿದೆ. ಅಂಥ ಲೋಕ ನಂಬುವಂತಾಗಬೇಕಾದರೆ ಅಲ್ಲಿ ಅದ್ಭುತಗಳು ಹೆಚ್ಚಿದರೆ ಸಾಲದು. ಅದ್ಭುತಕ್ಕೆ ಒಂದು ನಿಯಮವಿರಬೇಕು, ಆ ನಿಯಮದಿಂದ ಯಾರಿಗಾದರೂ ನೋವಾಗಬೇಕು. ಈ ತತ್ತ್ವವನ್ನು ಪಂಪನಷ್ಟು ಬಲ್ಲ ಕವಿಗಳು ವಿರಳ.

ಆ ಲೋಕದ ನಿಯಮಗಳು ಜೈನಾಗಮದಿಂದ ಬಂದವು. ಕಥೆಯು ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣದಿಂದ ಬಂದುದು. ದೇವನಿಗೆ ಭೋಗ ಪುಷ್ಕಲ, ಆಯುಸ್ಸು ಅತಿದೀರ್ಘ. ಆದರೂ ಅದಕ್ಕೆ ಗಡುವುಂಟು. ಗಡುವಿಗೆ ಆರು ತಿಂಗಳಿರುವಾಗ ಕೊರಳ ಮಾಲೆ ಬಾಡಿ ಸೂಚನೆ ಕೊಡುತ್ತದೆ. ಎಲ್ಲಕ್ಕೂ ಮಿಗಿಲಾಗಿ, ದೇವನು ವ್ರತವನ್ನು ಕೈಕೊಳ್ಳಲಾರ. ಆದುದರಿಂದ ದೇವಜನ್ಮದಿಂದ ನೇರವಾಗಿ ಮುಕ್ತಿಯಿಲ್ಲ. ಮುಕ್ತನಾಗಬೇಕಾದರೆ ಅವನು ಮನುಷ್ಯನಾಗಿ ಹುಟ್ಟಲೇಬೇಕು. ಮನುಷ್ಯನಿಗೆ ದೇವನ ಭೋಗವಿಲ್ಲ, ದೇವನಿಗೆ ಮನುಷ್ಯನ ದಾರಿಯಿಲ್ಲ. ಈ ಎರಡರ ನಡುವೆ, ಮನುಷ್ಯರಾಗಿದ್ದೂ ವಿದ್ಯಾಬಲದಿಂದ ಆಕಾಶದಲ್ಲಿ ಸಂಚರಿಸುವ ವಿದ್ಯಾಧರರ ಮೂರನೆಯ ವರ್ಗವೊಂದುಂಟು. ಸಹವಾಸದ ಇರಿಸುಮುರಿಸೆಲ್ಲ ಹುಟ್ಟುವುದು ಈ ಏರ್ಪಾಡಿನಿಂದ.

ಲಲಿತಾಂಗದೇವನ ಪ್ರಸಂಗವನ್ನು ನೋಡಬಹುದು. ವಿದ್ಯಾಧರ ಚಕ್ರವರ್ತಿ ಮಹಾಬಲನು ತಪಸ್ಸಿನಿಂದ ಈಶಾನಕಲ್ಪದಲ್ಲಿ ಲಲಿತಾಂಗನಾಗಿ ಹುಟ್ಟುತ್ತಾನೆ. ಸ್ವಯಂಪ್ರಭೆಯಲ್ಲಿ ಅವನ ಒಲವು ನೆಲೆಗೊಳ್ಳುತ್ತದೆ. ಮಾಲೆ ಬಾಡುತ್ತದೆ. ಮನುಷ್ಯನಿಗಾದರೆ ಸಾವಿನ ದಿನ ಗೊತ್ತಿರುವುದಿಲ್ಲ. ಆ ಅಜ್ಞಾನವೇ ಅವನಿಗೊಂದು ಆಸರೆ. ದೇವನಿಗೆ ಆ ಆಸರೆಯೂ ಇಲ್ಲ. ಸ್ವರ್ಗಸುಖವನ್ನು ಮನದಣಿಯೆ ಬಣ್ಣಿಸಿದ ಕವಿಯೇ ಆ ಸುಖವನ್ನು ಶಿಕ್ಷೆಯಾಗಿ ತಿರುಗಿಸುವ ಕೌಶಲವಿದು. ಹಿಂದಿನ ವರ್ಣನೆ ಅಷ್ಟು ವಿಸ್ತಾರವಾಗಿರದಿದ್ದರೆ ಇಲ್ಲಿಯ ಶೋಕಕ್ಕೆ ಈ ತೂಕ ಬರುತ್ತಿರಲಿಲ್ಲ.

ಮುಂದೆ ಸ್ವಯಂಪ್ರಭೆ ಭೂಮಿಯಲ್ಲಿ ಶ್ರೀಮತಿಯೆಂಬ ರಾಜಪುತ್ರಿಯಾಗುತ್ತಾಳೆ. ಕೇವಲಿಯ ಪೂಜೆಗೆಂದು ದೇವತೆಗಳು ಆಕಾಶದಲ್ಲಿ ಹಾದುಹೋಗುವುದು ಆ ಲೋಕದ ಜನಕ್ಕೆ ಹೊಸದೇನಲ್ಲ. ಶ್ರೀಮತಿಗೆ ಮಾತ್ರ ಅದು ತನ್ನ ಬಿಟ್ಟುಬಂದ ನಾಡಿನವರನ್ನು ಕಂಡಂತಾಗುತ್ತದೆ; ಪೂರ್ವಭವ ನೆನಪಾಗಿ ಮೂರ್ಛೆ ಹೋಗುತ್ತಾಳೆ. ಆಮೇಲೆ ಆ ನೆನಪನ್ನು ಪಟದಲ್ಲಿ ಬರೆದು, ಅದನ್ನು ಗುರುತಿಸಬಲ್ಲವನಿಗಾಗಿ ಕಾಯುತ್ತಾಳೆ. ಗುರುತಿಸುವ ವಜ್ರಜಂಘನೇ ಹಿಂದಿನ ಲಲಿತಾಂಗ. ಊರು ಬಿಟ್ಟು ಊರು ಸೇರಿದ ನಮ್ಮಂಥ ವಾಚಕರಿಗೆ ಈ ಪ್ರಸಂಗದ ಮರ್ಮವನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಈ ದಂಪತಿಗಳು ಶಯ್ಯಾಗೃಹದಲ್ಲಿ ತುಂಬಿಕೊಂಡ ಧೂಪದ ಹೊಗೆಯಿಂದ ಒಟ್ಟಿಗೆ ಸಾಯುತ್ತಾರೆ. ದೇವನಾಗಿದ್ದಾಗ ಆರು ತಿಂಗಳ ಮುನ್ಸೂಚನೆ ದೊರೆತವನಿಗೆ ಮನುಷ್ಯನಾದಾಗ ಒಂದು ಗಳಿಗೆಯ ಸೂಚನೆಯೂ ಇಲ್ಲ. ಇವೆರಡು ಮರಣಗಳನ್ನು ಜೊತೆಗಿಟ್ಟು ಓದಬೇಕು.

ಆದಿದೇವನ ಜನನದೊಡನೆ ಈ ಸಂಬಂಧ ಇನ್ನೊಂದು ರೂಪವನ್ನು ತಾಳುತ್ತದೆ. ಇಲ್ಲಿ ಎರಡು ನಕಲುಗಳನ್ನು ಗಮನಿಸಬೇಕು. ಶಿಶುವನ್ನು ಮೇರುಪರ್ವತದ ಅಭಿಷೇಕಕ್ಕೆ ಒಯ್ಯುವಾಗ ಶಚಿಯು ತಾಯಿಯ ಮಗ್ಗುಲಲ್ಲಿ ಮಾಯಾಶಿಶುವೊಂದನ್ನು ಇಟ್ಟುಹೋಗುತ್ತಾಳೆ. ಮುಂದೆ, ಆದಿದೇವನಿಗೆ ವೈರಾಗ್ಯ ಮೂಡಲೆಂದು ಇಂದ್ರನು ಆಯುಸ್ಸು ತೀರುತ್ತಿರುವ ನೀಲಾಂಜನೆಯನ್ನು ಆರಿಸಿ ಕುಣಿಸುತ್ತಾನೆ; ನೃತ್ಯದ ನಡುವೆ ಅವಳು ಕರಗಿಹೋದ ಕ್ಷಣವೇ ಅವಳನ್ನೇ ಹೋಲುವ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ರಸಭಂಗವಾಗುವುದಿಲ್ಲ, ಆದಿದೇವನೊಬ್ಬನಿಗೆ ಮಾತ್ರ ತಿಳಿಯುತ್ತದೆ. ಎರಡೂ ಕಡೆ ದೇವತೆಗಳ ಉದ್ದೇಶ ಒಳ್ಳೆಯದೇ. ಆದರೂ ಅವರು ಮನುಷ್ಯರೊಡನೆ ವ್ಯವಹರಿಸುವುದು ನಕಲಿನ ಮೂಲಕ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಲಲಿತಾಂಗನಿಗೆ ಸಲ್ಲುವ ನಿಯಮ ನೀಲಾಂಜನೆಗೂ ಸಲ್ಲಬೇಕಷ್ಟೆ. ಹಾಗಾದರೆ ಅವಳ ಮಾಲೆಯೂ ಬಾಡಿರಬೇಕು. ತನ್ನ ಕೊನೆಯ ನೃತ್ಯವೆಂದು ತಿಳಿದೇ ಅವಳು ರಂಗಕ್ಕೆ ಬಂದಿರಬೇಕು. ಲಲಿತಾಂಗನ ಶೋಕಕ್ಕೆ ಅಷ್ಟು ಎಡೆಕೊಟ್ಟ ಕಾವ್ಯದಲ್ಲಿ ಇವಳಿಗೆ ಮಾತಿಲ್ಲ. ಒಬ್ಬ ಮನುಷ್ಯನ ಎಚ್ಚರಕ್ಕಾಗಿ ಒಬ್ಬ ದೇವತೆಯ ಅಳಿವನ್ನು ಉಪಕರಣವಾಗಿ ಬಳಸಿದುದರ ಬಗ್ಗೆ ಕಾವ್ಯವು ನಮ್ಮನ್ನು ನಿಲ್ಲಿಸಿ ಕೇಳುವುದಿಲ್ಲ. ಇದು ಕೊರತೆಯೆಂದೇ ಹೇಳಬೇಕು. ಆದರೆ ಈ ಪ್ರಶ್ನೆಯನ್ನು ನಾವು ಕೇಳುವಂತಾದುದೂ ಕಾವ್ಯವೇ ಹಾಕಿಕೊಟ್ಟ ನಿಯಮದಿಂದ ಎಂಬುದನ್ನು ಮರೆಯಲಾಗದು.

ದೀಕ್ಷಾಪ್ರಸಂಗದಲ್ಲಿ ಒಳಗಿನ ಇರಿಸುಮುರಿಸು ಶಿಷ್ಟಾಚಾರದ ಪ್ರಶ್ನೆಯಾಗಿ ಹೊರಬೀಳುತ್ತದೆ. ಜಿನಸೇನರ ಕ್ರಮದಂತೆ, ಆದಿದೇವನು ಕುಳಿತ ಪಲ್ಲಕ್ಕಿಯನ್ನು ಮೊದಲ ೭ ಹೆಜ್ಜೆ ರಾಜರು, ಮುಂದಿನ ೭ ಹೆಜ್ಜೆ ವಿದ್ಯಾಧರರು, ಆಮೇಲೆ ದೇವತೆಗಳು ಹೊರುತ್ತಾರೆ. ಆಕಾಶಕ್ಕೆ ಎತ್ತಬಲ್ಲವರು ಮೂರನೆಯ ಸರದಿಗೆ ಕಾದು ನಿಲ್ಲಬೇಕು! ಆದರೂ ಮನುಷ್ಯರ ಹಿರಿಮೆಯನ್ನು ಪುರಾಣವು ಸುಮ್ಮನೆ ಹೊಗಳುವುದಿಲ್ಲ. ಆದಿದೇವನೊಡನೆ ದೀಕ್ಷೆ ಕೊಂಡ ನಾಲ್ಕು ಸಾವಿರ ರಾಜರು ಹಸಿವು ತಾಳದೆ ಹಣ್ಣುಹಂಪಲಿಗೆ ಕೈಯಿಕ್ಕಿದಾಗ, ಈ ವೇಷದಲ್ಲಿ ಇದು ಕೂಡದೆಂದು ತಡೆಯುವವರು ವನದೇವತೆಗಳು. ವ್ರತ ಮಾಡಲಾರದವರು ವ್ರತಗೆಟ್ಟವರನ್ನು ಎಚ್ಚರಿಸುತ್ತಾರೆ.

ಈ ಎಲ್ಲ ಎಳೆಗಳು ಕೂಡುವುದು ಶ್ರೇಯಾಂಸನ ದಾನದಲ್ಲಿ. ಆದಿದೇವನ ಅವತರಣಕ್ಕೆ ಮುನ್ನ ೬ ತಿಂಗಳು, ಗರ್ಭದಲ್ಲಿದ್ದಾಗ ೯ ತಿಂಗಳು, ಹೀಗೆ ೧೫ ತಿಂಗಳು ರತ್ನವೃಷ್ಟಿ ಮಾಡಿದ ದೇವತೆಗಳು, ಅವನು ಹಸಿದು ತಿರುಗುವಾಗ ಒಂದು ತುತ್ತು ನೀಡಲಾರರು; ಮುನಿಗೆ ಆಹಾರದಾನ ಮಾಡುವ ಅಧಿಕಾರ ಮನುಷ್ಯನದು. ಮನುಷ್ಯರಿಗೋ ದಾನದ ರೀತಿಯೇ ತಿಳಿಯದು. ಆನೆ ಕುದುರೆಗಳನ್ನೂ ಕನ್ಯೆಯರನ್ನೂ ತಂದೊಪ್ಪಿಸುತ್ತಾರೆ. ಹಸ್ತಿನಾಪುರದ ಶ್ರೇಯಾಂಸನಿಗೆ ಮಾತ್ರ ಪೂರ್ವಭವ ನೆನಪಾಗಿ ಕಬ್ಬಿನ ಹಾಲನ್ನು ನೀಡುತ್ತಾನೆ. ಆ ಶ್ರೇಯಾಂಸನು ಬೇರೆ ಯಾರೂ ಅಲ್ಲ, ಹಿಂದಿನ ಶ್ರೀಮತಿ, ಅದಕ್ಕೂ ಹಿಂದಿನ ಸ್ವಯಂಪ್ರಭೆ. ಸ್ವರ್ಗದಲ್ಲಿ ಪ್ರಣಯವಾಗಿ ತೊಡಗಿದುದು ಭೂಮಿಯಲ್ಲಿ ಒಂದು ಬೊಗಸೆ ರಸವಾಗಿ ಕೊನೆಗಾಣುತ್ತದೆ. ದೇವತೆಗಳು ಮೇಲಿನಿಂದ ಹೂಮಳೆ ಕರೆದು ಕೊಂಡಾಡುತ್ತಾರೆ, ಅವರಿಂದಾಗುವುದು ಅಷ್ಟೆ.

ಹೋಲಿಕೆಗಾಗಿ ಎರಡು ಮಾತು. ೧೬೬೭ರಲ್ಲಿ ಹೊರಬಂದ ಮಿಲ್ಟನ್ನನ ಮಹಾಕಾವ್ಯದಲ್ಲಿ ರಫೇಲನೆಂಬ ದೇವದೂತನು ಆದಮನ ಅತಿಥಿಯಾಗಿ ಉಂಡು ಉಪದೇಶಿಸುತ್ತಾನೆ. ಅಲ್ಲಿ ದೇವದೂತನು ಗುರು. ನಮ್ಮ ನಗರದ ಉರ್ದು ಬಲ್ಲ ಗೆಳೆಯರು ಅರಿತಿರುವಂತೆ, ಕುರಾನಿನಲ್ಲಿ ಆದಮನಿಗೆ ಬಾಗಬೇಕೆಂದು ಫರಿಷ್ತೆಗಳಿಗೆ ಆಜ್ಞೆಯಾಗುತ್ತದೆ, ಇಬ್ಲೀಸನು ನಿರಾಕರಿಸುತ್ತಾನೆ. ಪಂಪನ ಲೋಕದಲ್ಲಿ ಬಾಗೆಂದು ಆಜ್ಞಾಪಿಸುವವರಿಲ್ಲ, ನಿರಾಕರಿಸುವವರೂ ಇಲ್ಲ. ದೇವನು ಬಾಗುವುದು ತನ್ನಲ್ಲಿಲ್ಲದುದು ಮನುಷ್ಯನಲ್ಲಿದೆಯೆಂದು ಬಲ್ಲುದರಿಂದ.

ಜನ್ಮಾಭಿಷೇಕ, ಸಮವಸರಣಗಳ ದೀರ್ಘ ವರ್ಣನೆಗಳಲ್ಲಿ ಈ ಅರಿವು ಮಸುಳಿಸುತ್ತದೆ. ಅಲ್ಲಿ ದೇವತೆಗಳು ಬರಿಯ ಉತ್ಸವದ ಗುಂಪಾಗುತ್ತಾರೆ, ಕಾವ್ಯ ಪಟ್ಟಿಯಾಗುತ್ತದೆ. ಆ ಭಾಗಗಳನ್ನು ಯಾರಾದರೂ ದಾಟಿಹೋದರೆ ನಾನು ಆಕ್ಷೇಪಿಸೆನು. ಆದರೆ ಲಲಿತಾಂಗನ ಬಾಡಿದ ಮಾಲೆಯಿಂದ ಶ್ರೇಯಾಂಸನ ಕಬ್ಬಿನ ಹಾಲಿನವರೆಗೆ ಹರಿಯುವ ಎಳೆಯನ್ನು ದಾಟಿದವನು ಆದಿಪುರಾಣವನ್ನು ಓದಿದಂತಾಗದು. ನೀಲಾಂಜನೆಯ ಪದ್ಯಗಳನ್ನು ಬಿಡಿಯಾಗಿ ಬಾಯಿಪಾಠ ಮಾಡಿರುವ ನಾವು, ಇನ್ನೊಮ್ಮೆ ಮೊದಲಿನಿಂದ ಓದಿ, ಅವಳ ಕೊರಳ ಮಾಲೆಯನ್ನೂ ನೋಡಬೇಕಾಗಿದೆ.