ದೀಪದ ಜಾಗ, ಊಟದ ಜಾಗ

ನಮ್ಮ ಊಟದ ಕೋಣೆಯ ಸೂರಿನಲ್ಲಿ ಒಂದು ತಪ್ಪಿದೆ. ಅದು ಗುಂಡಗಿದೆ, ಅಂಗೈಯಷ್ಟು ಅಗಲವಿದೆ, ಮೇಜಿನ ನಡುಮಧ್ಯದಿಂದ ಸರಿಯಾಗಿ ಮೂರು ಅಡಿ ಆಚೆಗಿದೆ. ದೀಪದ ವೈರು ಇಳಿಯುವ ಡಬ್ಬಿ ಅದು. ಮನೆಗೆ ಬಂದವರು ನೆಲ ನೋಡುತ್ತಾರೆ, ಬಾಗಿಲಿನ ಕೆತ್ತನೆ ನೋಡುತ್ತಾರೆ. ಸೂರು ನೋಡುವವರು ಯಾರು? ಹಲ್ಲಿ ಲೊಚಗುಟ್ಟಿದಾಗಷ್ಟೇ ನಮ್ಮ ತಲೆ ಮೇಲೇಳುತ್ತದೆ.

ಡಬ್ಬಿ ಅಲ್ಲಿಗೆ ಬಂದದ್ದು ಯಾರ ದುರುದ್ದೇಶದಿಂದಲೂ ಅಲ್ಲ. ಮೋಲ್ಡ್ ಹಾಕುವ ಮೊದಲು, ಕಬ್ಬಿಣ ಕಟ್ಟಿ ಆದಮೇಲೆ, ವೈರಿನ ಪೈಪುಗಳನ್ನೂ ಡಬ್ಬಿಗಳನ್ನೂ ಕೂರಿಸಿಬಿಡುತ್ತಾರೆ. ಅದರ ಮೇಲೆ ಕಾಂಕ್ರೀಟು ಬಿದ್ದರೆ ಮುಗಿಯಿತು, ಮದುವೆಯ ಮೂರು ಗಂಟಿನ ಹಾಗೆ. ಆ ದಿನ ಮೇಸ್ತ್ರಿ ಇದ್ದರು, ಇಂಜಿನಿಯರ್ ಇದ್ದರು, ನಮ್ಮವರು ಇದ್ದರು. ನಾನು ಅವರಿಗೆಲ್ಲ ಕಾಫಿ ಮಾಡುತ್ತಿದ್ದೆ. ಡಬ್ಬಿ ಎಲ್ಲಿರಬೇಕೆಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದೆಂದು ನನಗೂ ಹೊಳೆದಿರಲಿಲ್ಲ. ಆಮೇಲೆ ಅತ್ತೆಯವರಿಗೊಂದು ಕೋಣೆ ಬೇಕೆಂದು ಹಾಲಿನ ನಡುವೆ ಗೋಡೆ ಎದ್ದಿತು. ಫ್ಯಾನಿನ ಕೊಕ್ಕೆ ಹೇಗೋ ಕೋಣೆಯ ಮಧ್ಯಕ್ಕೇ ಬಂತು. ದೀಪ ಮೂಲೆಗೆ ಬಿತ್ತು. ಮೇಜು ಕಿಟಕಿಯ ಪಕ್ಕ ಕೂತಿತು.

ಇಂಥ ಸಣ್ಣ ಸಂಗತಿಯ ಮೇಲೆ ವಿಮರ್ಶೆಯೇ ಎಂದು ನೀವು ನಗಬಹುದು. ಕಥೆ, ಕವಿತೆ, ನಾಟಕಗಳಿಗೆ ವಿಮರ್ಶಕರಿದ್ದಾರೆ. ನಾವು ದಿನಕ್ಕೆ ಹದಿನಾರು ಗಂಟೆ ಓಡಾಡುವ ಮನೆಯೂ ಯಾರೋ ರಚಿಸಿದ ಕೃತಿಯೇ ಅಲ್ಲವೆ? ಅದರ ಗುಣದೋಷ ಹೇಳುವವರು ಯಾರು?

ಒಂದು ಚಿತ್ರದಿಂದಲೇ ಶುರುಮಾಡುತ್ತೇನೆ. ವ್ಯಾನ್ ಗೋ 1885ರಲ್ಲಿ ಹಾಲೆಂಡಿನ ನ್ಯೂನೆನ್ ಎಂಬ ಹಳ್ಳಿಯಲ್ಲಿದ್ದಾಗ ಬರೆದ 'ಆಲೂಗಡ್ಡೆ ತಿನ್ನುವವರು'. ಐದು ಜನ ರೈತಾಪಿಗಳು ಮೇಜಿನ ಸುತ್ತ ಕೂತಿದ್ದಾರೆ. ಮೇಲೆ ಒಂದು ಎಣ್ಣೆಯ ದೀಪ ತೂಗುತ್ತಿದೆ. ಒಬ್ಬಾಕೆ ಕಾಫಿ ಬಗ್ಗಿಸುತ್ತಿದ್ದಾಳೆ. ಒಬ್ಬ ಹುಡುಗಿ ನಮಗೆ ಬೆನ್ನು ಹಾಕಿ ಕೂತಿದ್ದಾಳೆ. ಬಡತನದ ಚಿತ್ರ, ದುಡಿದ ಕೈಗಳ ಚಿತ್ರ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ನನಗೆ ಮಾತ್ರ ಅದು ದೀಪದ ಚಿತ್ರವಾಗಿ ಕಾಣುತ್ತದೆ. ಅಲ್ಲಿ ಕೋಣೆಯ ಮಧ್ಯ ಎಲ್ಲಿದೆ ಎಂದು ನಾವು ಹುಡುಕುವುದೇ ಇಲ್ಲ. ದೀಪ ಎಲ್ಲಿದೆಯೋ ಅದೇ ಮಧ್ಯ. ತಟ್ಟೆ, ಕೈ, ಮುಖ ಇವು ಮೂರೂ ಬೆಳಕಿನಲ್ಲಿವೆ; ಉಳಿದದ್ದು ಕತ್ತಲೆ. ಎದುರಿಗಿರುವವರ ಮುಖ ಕಾಣುವಂತೆ ಅವರು ಉಣ್ಣುತ್ತಿದ್ದಾರೆ.

ನಮ್ಮಲ್ಲಿ ಆದದ್ದು ಇದರ ತಿರುಗುಮುರುಗು. ಕೋಣೆಗೆಲ್ಲ ಬೆಳಕಿತ್ತು, ತಟ್ಟೆಗಿರಲಿಲ್ಲ. ಮೂಲೆಗೆ ಬೆನ್ನು ಹಾಕಿ ಕೂರುವ ಕುರ್ಚಿ ಅತ್ತೆಯವರದು. ದೀಪ ಅವರ ತಲೆಯ ಹಿಂದೆ. ನೆರಳು ಅವರ ಕೈಯ ಮೇಲೆ. ಸೊಪ್ಪು ಬಿಡಿಸುವುದು ಆ ಮನೆಯಲ್ಲಿ ಅವರದೇ ಅಧಿಕಾರ. ಮೆಂತ್ಯದ ಕಟ್ಟು ಬಿಚ್ಚಿ ಒಂದೊಂದೇ ಎಲೆ ನೋಡಿ ಹಾಕುತ್ತಿದ್ದರು. ಒಂದು ಸಂಜೆ ಪಲ್ಯದಲ್ಲಿ ಹುಳ ಬಂತು. ಇನ್ನೊಮ್ಮೆ ಕಳೆಯ ಕಡ್ಡಿ ಬಂತು. ಮೊಮ್ಮಗ ನಕ್ಕ. ಅವರು ಏನೂ ಹೇಳಲಿಲ್ಲ; ಮಾರನೆಯ ದಿನ ಸೊಪ್ಪಿನ ಮೊರ ತಂದು ನನ್ನ ಮುಂದಿಟ್ಟರು. "ನನ್ನ ಕಣ್ಣು ಹೋಯ್ತು ಕಣಮ್ಮ, ಇನ್ನು ನೀನೇ ನೋಡ್ಕೋ" ಎಂದರು. ಪೊರೆಯ ಆಪರೇಷನ್ ಆಯಿತು. ಡಾಕ್ಟರು ಚೆನ್ನಾಗಿದೆ ಎಂದರು. ಆದರೂ ಮೊರ ಅವರ ಕೈಗೆ ಹಿಂತಿರುಗಲಿಲ್ಲ. ನಾವೆಲ್ಲರೂ ವಯಸ್ಸನ್ನು ದೂರಿದೆವು. ಡಬ್ಬಿಯನ್ನು ಯಾರೂ ದೂರಲಿಲ್ಲ.

ಅಮ್ಮನ ಮನೆಯ ಲಾಟೀನಿಗೆ ಒಂದು ಹಿಡಿಕೆ ಇತ್ತು. ಅದರ ಬೆಳಕು ಕಮ್ಮಿ, ಹೊಗೆ ಹೆಚ್ಚು, ಅದನ್ನು ಕೊಂಡಾಡಲು ನಾನು ಸಿದ್ಧಳಿಲ್ಲ. ದಿನಾ ಬುರುಡೆ ಒರೆಸಿದವಳು ನಾನು. ಆದರೆ ಕೆಲಸ ಎಲ್ಲಿತ್ತೋ ಅಲ್ಲಿಗೆ ಅದು ಬರುತ್ತಿತ್ತು. ಒಲೆಯ ಹತ್ತಿರ, ಹಸು ಕರೆಯುವಲ್ಲಿ, ಬಾಣಂತಿಯ ಕೋಣೆಯಲ್ಲಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಕಾಲಕ್ರಮದಲ್ಲಿ ನಮ್ಮ ಅಡುಗೆಮನೆಗೂ ಬಂತು. ಬಂದದ್ದು ದೊಡ್ಡ ಉಪಕಾರ. ಆದರೆ ಆ ದೀಪಕ್ಕೆ ಹಿಡಿಕೆ ಇರಲಿಲ್ಲ. ಅದು ಸೂರಿಗೆ ಅಂಟಿಕೊಂಡಿತು. ಕೆಲಸ ಹೊತ್ತುಕೊಂಡು ಅದರ ಬಳಿ ಹೋಗುವ ಸರದಿ ನಮ್ಮದಾಯಿತು.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಡೆನ್ಮಾರ್ಕಿನ ಪೌಲ್ ಹೆನ್ನಿಂಗ್‌ಸೆನ್ ದೀಪದ ಬಗ್ಗೆಯೇ ಬಹುಪಾಲು ಆಯುಷ್ಯ ಕಳೆದವನು. ತಾಯಿ ಆಗ್ನೆಸ್ ಹೆನ್ನಿಂಗ್‌ಸೆನ್ ಲೇಖಕಿ. ಸೀಮೆಎಣ್ಣೆ ದೀಪದ ಮೃದು ಬೆಳಕಿನಲ್ಲಿ ಬೆಳೆದ ಆತನಿಗೆ ವಿದ್ಯುತ್ ಬಲ್ಬಿನ ಕಣ್ಣು ಕುಕ್ಕುವ ಬೆಳಕು ಸಹಿಸಲಿಲ್ಲ. 1958ರಲ್ಲಿ ಅವನು ಮಾಡಿದ ಪಿಎಚ್ 5 ಎಂಬ ತೂಗುದೀಪದಲ್ಲಿ ತಟ್ಟೆಯ ಮೇಲೆ ತಟ್ಟೆ ಬೋರಲು ಹಾಕಿದಂತೆ ಪದರಗಳಿವೆ. ಬಲ್ಬು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಮೇಜಿನ ಮೇಲೆ ತಗ್ಗಾಗಿ ತೂಗಲೆಂದೇ ಮಾಡಿದ್ದು. ಕೂತವರ ಕಣ್ಣನ್ನು ಎಣಿಸಿ ಮಾಡಿದ ದೀಪ. ನನ್ನ ಮೆಚ್ಚುಗೆ ಪೂರ್ತಿ ಅದಕ್ಕೆ. ಆದರೆ ಅದಕ್ಕೂ ಮೇಜಿನ ನೆತ್ತಿಯಿಂದಲೇ ಇಳಿಯಬೇಕು. ನೆತ್ತಿಯಲ್ಲಿ ಡಬ್ಬಿ ಇಲ್ಲದಿದ್ದರೆ?

ಆ ಪ್ರಶ್ನೆಗೆ ಇಟಲಿಯಲ್ಲಿ ಉತ್ತರ ಹೇಳಿದವರು ಆಕಿಲೆ ಮತ್ತು ಪಿಯೆರ್ ಜಾಕೊಮೊ ಕಸ್ತಿಲ್ಯೋನಿ ಎಂಬ ಅಣ್ಣತಮ್ಮಂದಿರು. ಸೂರಿಗೆ ತೂತು ಕೊರೆಯದೆ ಮೇಜಿನ ಮೇಲೆ ದೀಪ ಬರಬೇಕು, ಕುರ್ಚಿಯ ಹಿಂದೆ ಓಡಾಡಲು ಜಾಗವೂ ಇರಬೇಕು. ಬೀದಿ ದೀಪದ ಬಾಗು ನೋಡಿ 1962ರಲ್ಲಿ 'ಆರ್ಕೊ' ಮಾಡಿದರು. ಕೆಳಗೆ ಕರಾರಾದ ಅಮೃತಶಿಲೆಯ ದಿಂಡು, ಅದರಿಂದ ಎದ್ದ ಉಕ್ಕಿನ ಕಮಾನು, ಬುಡದಿಂದ ಸುಮಾರು ಎರಡು ಮೀಟರ್ ಆಚೆ ದೀಪ. ಇಂದು ನ್ಯೂಯಾರ್ಕಿನ ಮ್ಯೂಸಿಯಂನಲ್ಲೂ ಇದೆ. ಚಂದವೇ ಚಂದ. ಆದರೆ ಆ ಕಲ್ಲಿನ ತೂಕ ಸುಮಾರು 65 ಕಿಲೋ! ಅದನ್ನು ಎತ್ತಲು ಕಲ್ಲಿನಲ್ಲೊಂದು ತೂತು ಬಿಟ್ಟಿದ್ದಾರೆ, ಪೊರಕೆಯ ಕೋಲು ತೂರಿಸಿ ಇಬ್ಬರು ಹಿಡಿಯಲಿ ಎಂದು. ಪೊರಕೆಯನ್ನು ನೆನೆದ ವಿನ್ಯಾಸಕಾರರಿಗೆ ನಮಸ್ಕಾರ. ಆದರೆ ಪೊರಕೆ ಹಿಡಿದವಳನ್ನು ನೆನೆದರೆ? ದಿನಾ ನೆಲ ಒರೆಸುವ ನಮ್ಮ ಮನೆಗಳಲ್ಲಿ ಎರಡನೆಯವರು ಯಾರು ಬಂದು ಹಿಡಿಯುತ್ತಾರೆ, ಹೇಳಿ? ಸೂರಿನ ತಪ್ಪನ್ನು ತಿದ್ದಲು ಹೋಗಿ ನೆಲಕ್ಕೆ ಭಾರ ಹೊರಿಸಿದ ಕೃತಿ ಅದು.

ಮೂರನೆಯ ಉತ್ತರಕ್ಕೆ ಕರ್ತೃವಿನ ಹೆಸರಿಲ್ಲ, ಮ್ಯೂಸಿಯಂ ಇಲ್ಲ. ಅದು ಒಂದು ಕೊಕ್ಕೆ. ಡಬ್ಬಿ ಇದ್ದಲ್ಲೇ ಇರಲಿ; ವೈರು ಅಲ್ಲಿಂದ ಹೊರಟು, ಸ್ವಲ್ಪ ಜೋತುಬಿದ್ದು, ಮೇಜಿನ ನೆತ್ತಿಯ ಕೊಕ್ಕೆಯ ಮೇಲೆ ಹಾದು ಕೆಳಗಿಳಿಯುತ್ತದೆ. ಅಷ್ಟೇ.

ಅಷ್ಟೇ ಎಂದರೂ ಅದಕ್ಕೊಂದು ವ್ಯಾಕರಣವಿದೆ. ಮೇನ್ ಆಫ್ ಮಾಡದೆ ಡಬ್ಬಿಗೆ ಕೈ ಹಾಕಬಾರದು. ದೀಪದ ಭಾರ ಕೊಕ್ಕೆಯ ಮೇಲಿರಬೇಕು, ಡಬ್ಬಿಯೊಳಗಿನ ತಾಮ್ರದ ಎಳೆಯ ಮೇಲಲ್ಲ. ಕೊಕ್ಕೆ ಗಟ್ಟಿ ಕಾಂಕ್ರೀಟಿನಲ್ಲಿ ಪ್ಲಗ್ ಹಾಕಿ ಕೂತಿರಬೇಕು. ಅಲಂಕಾರದ ಜಿಪ್ಸಂ ಸೂರನ್ನು ನಂಬಿ ಭಾರ ತೂಗಬಾರದು. ಡಬ್ಬಿಯಿಂದ ಸ್ವಿಚ್ಚಿನ ಕಡೆಗೆ ಒಳಗೇ ಪೈಪು ಹೋಗಿರುತ್ತದಲ್ಲ, ಆ ಸಾಲಿನಲ್ಲಿ ಕೊರೆಯಬಾರದು. ಲೋಹದ ಬುರುಡೆಯಾದರೆ ಅರ್ಥಿಂಗ್ ಸೇರಿ ಮೂರು ಎಳೆಯ ವೈರೇ ಬೇಕು. ನಮ್ಮ ಸೂರು 10 ಅಡಿ, ಮೇಜು ಎರಡೂವರೆ ಅಡಿ. ಮೇಜಿಗಿಂತ ಎರಡೂವರೆ ಅಡಿ ಮೇಲೆ ದೀಪ ನಿಲ್ಲಲು ಎಂಟು ಅಡಿಗಿಂತ ಸ್ವಲ್ಪ ಹೆಚ್ಚೇ ವೈರು ಹಿಡಿಯಿತು. ಎಲ್ಲಕ್ಕಿಂತ ಮುಖ್ಯ, ಫ್ಯಾನು. ನಾಲ್ಕಡಿ ಫ್ಯಾನಿನ ರೆಕ್ಕೆ ನಡುವಿನಿಂದ ಎರಡಡಿ ಚಾಚುತ್ತದೆ. ಜೋತುಬಿದ್ದ ವೈರಾಗಲಿ, ಗಾಳಿಗೆ ತೂಗುವ ದೀಪವಾಗಲಿ ಅದರ ಹತ್ತಿರ ಸುಳಿಯಬಾರದು.

ಕೆಲಸಕ್ಕೆ ಬಂದ ಹುಡುಗ ತಲೆ ಕೆರೆದುಕೊಂಡ. "ಅಕ್ಕಾ, ವೈರು ಹೀಗೆ ಕಾಣಿಸಿದ್ರೆ ಅಸಹ್ಯ ಆಗಲ್ವಾ?" ನಮ್ಮವರೂ ಅವನ ಪಕ್ಷ. ಸೂರಿಗೆ ಪಟ್ಟಿ ಹೊಡೆದು ವೈರನ್ನು ಅದರೊಳಗೆ ಮುಚ್ಚಿಸೋಣ ಎಂದರು.

ವಿಮರ್ಶಕಿಯಾಗಿ ನನ್ನ ಮುಖ್ಯ ಮಾತು ಇಲ್ಲಿದೆ. ಜೋತುಬಿದ್ದ ವೈರು ಅಂದವಲ್ಲ ಎನ್ನುವುದು ಅರ್ಧ ನಿಜ. ಬಿಗಿಯಾಗಿ ಎಳೆದು ಮೊಳೆ ಬಡಿದರೆ ಅದು ಬಟ್ಟೆ ಒಣಹಾಕುವ ಹಗ್ಗ. ತೀರಾ ಜೋಲು ಬಿಟ್ಟರೆ ಜೇಡನ ಬಲೆ. ಹದವಾಗಿ ಬಿಟ್ಟರೆ ಮಾತ್ರ ತೋರಣದ ಬಾಗು ಬರುತ್ತದೆ. ಅದು ಒಂದು ಸಂಗತಿಯನ್ನು ಬಾಯಿಬಿಟ್ಟು ಹೇಳುತ್ತದೆ: ಮನೆ ಕಟ್ಟಿದವರು ದೀಪ ಇಲ್ಲಿಟ್ಟರು, ಬಾಳುವವರಿಗೆ ಅದು ಅಲ್ಲಿ ಬೇಕಾಯಿತು. ತಪ್ಪನ್ನು ಪಟ್ಟಿಯೊಳಗೆ ಮುಚ್ಚಿ, ಏನೂ ಆಗಿಲ್ಲವೆಂಬಂತೆ ನಗುವ ಕಲೆಯನ್ನು ಹೆಂಗಸರಿಗೆ ಸಾಕಷ್ಟು ಕಲಿಸಿದ್ದಾರೆ. ಸೂರಿಗೂ ಅದನ್ನು ಕಲಿಸುವುದು ಬೇಡವೆಂದೆ. ವೈರು ಕಾಣುವಂತೆಯೇ ಉಳಿಯಿತು.

ಹಾಗೆಂದು ಕೊಕ್ಕೆಯನ್ನು ಅಟ್ಟಕ್ಕೇರಿಸುವುದಿಲ್ಲ. ಅದು ತಿದ್ದುಪಡಿ, ಕೃತಿಯಲ್ಲ. ಮೇಜು ಸರಿಸಿದರೆ ಮತ್ತೊಂದು ಕೊಕ್ಕೆ ಬೇಕು. ವೈರಿನ ಮೇಲೆ ಧೂಳು ಕೂರುತ್ತದೆ, ಅದನ್ನು ಒರೆಸುವವಳೂ ನಾನೇ. ನಿಜವಾದ ಉತ್ತರ ಮೋಲ್ಡ್ ಹಾಕುವ ಮೊದಲೇ ಸಿಗಬೇಕು. ಮನೆ ಕಟ್ಟಿಸುತ್ತಿದ್ದೀರಾ? ಕಾಫಿ ಆಮೇಲೆ ಮಾಡಿ. ಮೊದಲು ಒಂದು ಸೀಮೆಸುಣ್ಣ ಹಿಡಿದು, ಎಲ್ಲಿ ತರಕಾರಿ ಹೆಚ್ಚುತ್ತೀರಿ, ಎಲ್ಲಿ ಕೂತು ಓದುತ್ತೀರಿ, ಎಲ್ಲಿ ಉಣ್ಣುತ್ತೀರಿ ಎಂದು ನೆಲದ ಮೇಲೆ ಬರೆಯಿರಿ. ಡಬ್ಬಿ ಅದರ ನೆತ್ತಿಗೆ ಬರಲಿ.

ದೀಪ ತೂಗಿದ ದಿನ ಸಣ್ಣ ಎಲ್ಇಡಿ ಬಲ್ಬೇ ಹಾಕಿದ್ದೆವು. ಬೆಳಕು ಹತ್ತಿರ ಬಂದಷ್ಟೂ ಬಲವಾಗುತ್ತದೆ. ದೂರ ಅರ್ಧವಾದರೆ ಬೆಳಕು ನಾಲ್ಕರಷ್ಟು. ಅತ್ತೆಯವರು ತಮ್ಮ ಕುರ್ಚಿಯಲ್ಲಿ ಕೂತು, ಕೈಗಳನ್ನು ಮೇಜಿನ ಮೇಲಿಟ್ಟು, ತಿರುಗಿಸಿ ತಿರುಗಿಸಿ ನೋಡಿಕೊಂಡರು. ಬಳೆಯ ಕೆತ್ತನೆ ನೋಡಿದರು. ಆಮೇಲೆ ನನ್ನ ಮುಖ ನೋಡಿ, "ಎಷ್ಟು ಇಳಿದುಹೋಗಿದ್ದೀಯೇ, ನಾನು ನೋಡೇ ಇರಲಿಲ್ಲ" ಎಂದರು.

ಮರುದಿನ ಸಂಜೆ ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಮೆಂತ್ಯದ ಕಟ್ಟು ಬಿಚ್ಚಿತ್ತು. ಮೊರ ಅವರ ಮುಂದಿತ್ತು. ತೆಗೆದ ಕಳೆಯನ್ನೆಲ್ಲ ಒಂದು ಕಡೆ ಪುಟ್ಟ ರಾಶಿ ಮಾಡಿಟ್ಟಿದ್ದರು, ನಾನು ನೋಡಲಿ ಎಂದು.